ನಕಾಶೆ ಬಿಡಿಸುವಾಗ ನಾವೆಲ್ಲಿದ್ದೆವು?

(ಹುಬ್ಬಳ್ಳಿಯ ನಾಗರಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯ ವಿಷಯ ಬಸ್ಸು ಎಂದು ತಿಳಿದಾಗ ನಮ್ಮ ಕೆಲವು ಮಿತ್ರರು ನಕ್ಕರು. ಸಮುದಾಯದ ಮುಂದೆ ಎಷ್ಟೆಲ್ಲ ಸಮಸ್ಯೆಗಳಿರುವಾಗ ಬಸ್ಸಿನ ಬಗ್ಗೆ ಭಾಷಣವೇ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವಾಗಿ ನಾವು ಇನ್ನೊಂದು ಪ್ರಶ್ನೆ ಕೇಳಬಯಸುತ್ತೇವೆ. ಈ ಅವಳಿ ನಗರದ ನಡುವೆ ಬಿಆರ್‌ಟಿಎಸ್ ಎಂಬ ತ್ವರಿತ ಬಸ್ ಸಾರಿಗೆಯನ್ನು ಯೋಜಿಸುತ್ತಿದ್ದ ಕಾಲದಲ್ಲಿ ಅದರ ನಕಾಶೆಯನ್ನು ಕಣ್ಣಾರೆ ಕಂಡವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ದಯವಿಟ್ಟು ಕೈ ಎತ್ತಿ.

ಮೂರು ಕೈಗಳು ಕಾಣುತ್ತಿವೆ. ಅದರಲ್ಲೊಬ್ಬರು ಗುತ್ತಿಗೆದಾರರು!

ಇನ್ನು, ಆ ಯೋಜನೆಯಿಂದ ಅಂಗಡಿಯ ಮುಂಭಾಗ ಕಳೆದುಕೊಂಡವರು, ಬಾಡಿಗೆ ಮಳಿಗೆ ಬಿಟ್ಟವರು, ತಳ್ಳುಗಾಡಿಯ ಜಾಗ ತಪ್ಪಿಹೋದವರು ಅಥವಾ ಅಂಥವರ ಸಂಬಂಧಿಕರು ಎಷ್ಟು ಮಂದಿ? ಈಗ ಎಣಿಸಲಾಗುತ್ತಿಲ್ಲ. ಈ ಎರಡು ಲೆಕ್ಕಗಳ ನಡುವಿನ ಅಂತರದ ಬಗ್ಗೆಯೇ ಇಂದು ನಾವು ಮಾತಾಡಲಿದ್ದೇವೆ.

ಮೊದಲು ಯೋಜನೆಯನ್ನು ಅರ್ಥ ಮಾಡಿಕೊಳ್ಳೋಣ. ತಿಳಿಯದೇ ಬೈಯುವುದು ಸುಲಭ, ಆದರೆ ಅದರಿಂದ ಪ್ರಯೋಜನವಿಲ್ಲ. ತ್ವರಿತ ಬಸ್ ಸಾರಿಗೆ ಎಂಬುದು ಬಸ್ಸಿನ ಹೆಸರಲ್ಲ, ರಸ್ತೆಯನ್ನು ಹಂಚುವ ಒಂದು ಕ್ರಮ. ರಸ್ತೆಯ ಮಧ್ಯದಲ್ಲಿ ಬಸ್ಸಿಗೆ ಮಾತ್ರ ಮೀಸಲಾದ ಪಥ, ಬಸ್ಸಿನ ನೆಲಮಟ್ಟಕ್ಕೆ ಸರಿಸಮನಾದ ಎತ್ತರದ ನಿಲ್ದಾಣ, ಬಸ್ಸು ಬರುವ ಮೊದಲೇ ಟಿಕೆಟ್. ಇದನ್ನು 1974ರಲ್ಲಿ ಆರಂಭಿಸಿದ್ದು ಬ್ರೆಜಿಲ್ ದೇಶದ ಕುರಿಟಿಬಾ ನಗರ. ಅದಕ್ಕೆ ಕಾರಣ ಶ್ರೀಮಂತಿಕೆಯಲ್ಲ, ಮೆಟ್ರೋ ಕಟ್ಟಲು ಹಣವಿಲ್ಲದ್ದು. 1970ರಲ್ಲಿ ಆ ನಗರದ ಜನಸಂಖ್ಯೆ ಸುಮಾರು 6 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9 ಲಕ್ಷ 43 ಸಾವಿರ. ಅಂದರೆ ಇದು ಮಹಾನಗರಗಳ ಕಥೆಯಲ್ಲ, ನಮ್ಮಂಥ ಊರುಗಳದ್ದೇ ಕಥೆ.

ಈ ಕ್ರಮದ ಹಿಂದಿನ ನ್ಯಾಯವೂ ಸರಳವಾದುದು. ಒಂದು ಪಥದಲ್ಲಿ ಎರಡು ನಿಮಿಷಕ್ಕೊಂದರಂತೆ ಬಸ್ಸು ಬಂದರೆ ಗಂಟೆಗೆ 30 ಬಸ್ಸುಗಳು. ಒಂದೊಂದರಲ್ಲಿ 70 ಮಂದಿ ಎಂದರೆ 2,100 ಜನ. ಅಷ್ಟೇ ಜನ ಕಾರಿನಲ್ಲಿ ಹೋಗುವುದಾದರೆ, ಕಾರಿಗೆ ಒಂದೂವರೆ ಮಂದಿಯ ಲೆಕ್ಕದಲ್ಲಿ 1,400 ಕಾರುಗಳು ಬೇಕು. ವಾಹನಗಳಿಗಲ್ಲ, ಮನುಷ್ಯರಿಗೆ ದಾರಿ ಮಾಡಿಕೊಡಬೇಕೆಂದು ಕೇಂದ್ರ ಸರಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಒಪ್ಪಿಕೊಂಡಿದೆ. ಬಡವ ಕುಳಿತ ಬಸ್ಸು ಮುಂದೆ ಹೋಗಿ, ಒಬ್ಬನೇ ಕುಳಿತ ಕಾರು ಕಾಯಬೇಕೆಂಬ ಮಾತಿನಲ್ಲಿ ಅನ್ಯಾಯವೇನಿದೆ? ದಾರಿಯಲ್ಲಿ ಬಿದ್ದ ತೊಡಕನ್ನು ಸರಿಸುವುದನ್ನೂ ಪುಣ್ಯವೆಂದು ಕಲಿತ ನಾವು ಇದನ್ನು ವಿರೋಧಿಸಲು ಕಾರಣವೇ ಇಲ್ಲ. ನಮ್ಮ ತಕರಾರು ತತ್ವದ ಮೇಲಲ್ಲ.

ಆದರೆ ಅದೇ ಪಥದಲ್ಲಿ ಹತ್ತು ನಿಮಿಷಕ್ಕೊಂದು ಬಸ್ಸು ಬಂದರೆ? ಗಂಟೆಗೆ 420 ಜನ. ಪಕ್ಕದ ಪಥದಲ್ಲಿ ಸಿಕ್ಕಿಬಿದ್ದವನ ಕಣ್ಣಿಗೆ ಬಸ್ಸು ಕಾಣುವುದಿಲ್ಲ, ಖಾಲಿ ರಸ್ತೆ ಮಾತ್ರ ಕಾಣುತ್ತದೆ. ನಮ್ಮ ದೇಶದಲ್ಲಿ ಈ ವ್ಯವಸ್ಥೆಯ ಮೇಲೆ ಹುಟ್ಟಿಕೊಂಡ ಸಿಟ್ಟಿನಲ್ಲಿ ಈ ಖಾಲಿ ರಸ್ತೆಯ ನೋಟಕ್ಕೆ ದೊಡ್ಡ ಪಾಲಿದೆ. ದಿಲ್ಲಿಯಲ್ಲಿ 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ 5.8 ಕಿಲೋಮೀಟರಿನ ಮಾರ್ಗ ತೆರೆದರು. ಅಲ್ಲಿ ಬಸ್ಸಿಗೇನೂ ಕೊರತೆ ಇರಲಿಲ್ಲ, ಆದರೂ ಕಾರು ಮಾಲೀಕರ ಗದ್ದಲ ಟಿವಿ ವಾಹಿನಿಗಳಲ್ಲಿ ದಿನವಿಡೀ ಕೇಳಿಸಿತು. ಅದನ್ನು ರದ್ದುಪಡಿಸಬೇಕೆಂಬ ಅರ್ಜಿಯನ್ನು 2012ರಲ್ಲಿ ದಿಲ್ಲಿ ಹೈಕೋರ್ಟ್ ತಳ್ಳಿಹಾಕಿತು. ನ್ಯಾಯಾಲಯದಲ್ಲಿ ಗೆದ್ದ ಆ ಮಾರ್ಗ ರಾಜಕೀಯದಲ್ಲಿ ಸೋತಿತು. ಕೆಲವೇ ವರ್ಷಗಳಲ್ಲಿ ಅದನ್ನು ಕಿತ್ತುಹಾಕಲಾಯಿತು. ಭೋಪಾಲದಲ್ಲಿ 2024ರಲ್ಲಿ ಕೀಳಲು ಆರಂಭಿಸಿದರು. 2025ರಲ್ಲಿ ಇಂದೋರಿನ ಸರದಿ ಬಂತು. ಅತ್ತ ಅಹಮದಾಬಾದಿನವರು 2009ರಲ್ಲಿ ಹನ್ನೆರಡೂವರೆ ಕಿಲೋಮೀಟರಿನಿಂದ ಆರಂಭಿಸಿ, ಹಂತ ಹಂತವಾಗಿ ಬೆಳೆಸಿ, ಒಂದು ಜಾಲವನ್ನೇ ಮಾಡಿಕೊಂಡರು. ಒಂದು ಗೆರೆಗೂ ಒಂದು ಜಾಲಕ್ಕೂ ಇರುವ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಊರಿಗೆ ಬರೋಣ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 22 ಕಿಲೋಮೀಟರ್, ಹಳೆಯ ಪಿ.ಬಿ. ರಸ್ತೆಯ ಗುಂಟ. ವಿಶ್ವ ಬ್ಯಾಂಕಿನ ನೆರವಿತ್ತು. ಯೋಜನೆಗಾಗಿ 2012ರಲ್ಲಿ ಪ್ರತ್ಯೇಕ ಕಂಪೆನಿ ರಚನೆಯಾಯಿತು. 2018ರ ಅಕ್ಟೋಬರ್ 2ರಂದು ಪ್ರಾಯೋಗಿಕ ಸಂಚಾರ ಆರಂಭವಾಗಿ, 2020ರ ಫೆಬ್ರವರಿಯಲ್ಲಿ ಉಪರಾಷ್ಟ್ರಪತಿಗಳಾಗಿದ್ದ ವೆಂಕಯ್ಯ ನಾಯ್ಡು ಅವರಿಂದ ವಿಧ್ಯುಕ್ತ ಉದ್ಘಾಟನೆಯಾಯಿತು. ಖರ್ಚು ಸಾವಿರ ಕೋಟಿ ರೂಪಾಯಿಯ ಹತ್ತಿರ ಹತ್ತಿರ. ಬಸ್ಸಿಗೆ ‘ಚಿಗರಿ’ ಎಂದು ನಮ್ಮ ಸೀಮೆಯ ಮಾತಿನಲ್ಲೇ ಹೆಸರಿಟ್ಟದ್ದು ಚೆನ್ನಾಗಿದೆ, ಹೆಸರಿಟ್ಟವರಿಗೆ ಕೃತಜ್ಞತೆ ಸಲ್ಲಬೇಕು.

ಚಿಗರಿಯಿಂದ ಒಳಿತಾಗಿಲ್ಲವೆಂದು ಹೇಳಿದರೆ ನಾವು ಸುಳ್ಳಾಡಿದಂತೆ. ಧಾರವಾಡದ ಕಾಲೇಜುಗಳಿಗೆ ಹೋಗುವ ನಮ್ಮ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ಮೆಟ್ಟಿಲು ಹತ್ತುವ ಕಷ್ಟವಿಲ್ಲ, ನೂಕುನುಗ್ಗಲು ಕಡಿಮೆ, ಸಂಜೆ ಕತ್ತಲಾದರೂ ದೀಪವಿರುವ ನಿಲ್ದಾಣ. ಮೊಣಕಾಲು ನೋವಿನ ಹಿರಿಯರು, ಗಾಲಿಕುರ್ಚಿಯವರು ಬಸ್ಸಿನೊಳಗೆ ನೇರವಾಗಿ ಹೋಗಬಹುದಾದ ಸಾರಿಗೆಯನ್ನು ಈ ಭಾಗದ ಜನ ಅದಕ್ಕೆ ಮೊದಲು ಕಂಡಿರಲಿಲ್ಲ. ಮಳೆಗಾಲದಲ್ಲಿ ಧಾರವಾಡದ ಟೋಲ್ ನಾಕಾ ಬಳಿ ನಿಲ್ಲುವ ನೀರಿನ ಬಗ್ಗೆ ಎಲ್ಲರೂ ಸಾಕಷ್ಟು ಹೇಳಿದ್ದಾರೆ, ನಾವು ಅದನ್ನು ಮತ್ತೆ ಹೇಳುವುದಿಲ್ಲ.

ನಾವು ಹೇಳಬೇಕಾದ ಮಾತು ಬಾಗಿಲಿನದ್ದು.

ಹೌದು, ಬಸ್ಸಿನ ಬಾಗಿಲು! ನಿಲ್ದಾಣ ರಸ್ತೆಯ ನಡುವೆ ಇರುವುದರಿಂದ ಚಿಗರಿಯ ಬಾಗಿಲು ಬಲಗಡೆಗಿದೆ, ಎತ್ತರದಲ್ಲಿದೆ. ನಮ್ಮ ಸಾಮಾನ್ಯ ನಗರ ಸಾರಿಗೆ ಬಸ್ಸಿನ ಬಾಗಿಲು ಎಡಗಡೆಗಿದೆ, ತಗ್ಗಿನಲ್ಲಿದೆ. ಆದುದರಿಂದ ಸಾಮಾನ್ಯ ಬಸ್ಸು ಆ ನಿಲ್ದಾಣದಲ್ಲಿ ಜನರನ್ನು ಹತ್ತಿಸಿಕೊಳ್ಳಲಾರದು. ಬಾಗಿಲು ಯಾವ ಕಡೆಗಿರಬೇಕೆಂದು ಎಂಜಿನಿಯರರು ಕಾಗದದ ಮೇಲೆ ಗೆರೆ ಎಳೆದ ದಿನವೇ ಆ ಮೀಸಲು ಪಥದಲ್ಲಿ ಯಾವ ಬಸ್ಸು ಓಡಬೇಕು, ಅದರಲ್ಲಿ ಯಾರು ಕುಳಿತುಕೊಳ್ಳಬೇಕು ಎಂಬುದೂ ತೀರ್ಮಾನವಾಗಿಬಿಟ್ಟಿತು. ಅಂದು ಅದು ಒಂದು ತಾಂತ್ರಿಕ ವಿವರ ಮಾತ್ರವಾಗಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ಅದರ ಅರ್ಥ ಬಯಲಾಯಿತು. ಮಹಿಳೆಯರ ಉಚಿತ ಪ್ರಯಾಣ ಸಾಮಾನ್ಯ ಬಸ್ಸುಗಳಿಗೆ ಮಾತ್ರ, ಹವಾನಿಯಂತ್ರಿತ ಬಸ್ಸುಗಳಿಗೆ ಅನ್ವಯಿಸುವುದಿಲ್ಲ. ಚಿಗರಿ ಹವಾನಿಯಂತ್ರಿತ ಬಸ್ಸು. ಪರಿಣಾಮವೇನು? ಟಿಕೆಟ್ ಕೊಳ್ಳಬಲ್ಲವರು ಖಾಲಿ ಪಥದಲ್ಲಿ ಸರಾಗವಾಗಿ ಹೋಗುತ್ತಾರೆ. ಟಿಕೆಟಿನ ದುಡ್ಡು ಉಳಿಸಬೇಕಾದ ತಾಯಂದಿರು ಕಾರು, ಲಾರಿಗಳ ನಡುವೆ ಸಿಕ್ಕಿಕೊಂಡ ಬಸ್ಸಿನಲ್ಲಿ ನಿಂತು ಹೋಗುತ್ತಾರೆ. ಬಡವರಿಗೆ ವೇಗ ಕೊಡಲೆಂದು ಕಟ್ಟಿದ ದಾರಿಯ ಪಕ್ಕದಲ್ಲೇ ಬಡವರು ನಿಧಾನವಾಗಿ ಸಾಗುವುದು ಎಂಥ ವಿಪರ್ಯಾಸ!

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವೇ? ತುರ್ಕಿಯ ಇಸ್ತಾಂಬುಲ್ ನಗರದಲ್ಲಿ 2007ರಲ್ಲಿ ಮೆಟ್ರೋಬಸ್ ಆರಂಭವಾಯಿತು. ಅಲ್ಲಿ ವಾಹನಗಳು ಬಲಗಡೆಯಿಂದ ಚಲಿಸುತ್ತವೆ, ಬಸ್ಸಿನ ಬಾಗಿಲೂ ಬಲಕ್ಕಿರುತ್ತದೆ. ನಿಲ್ದಾಣವನ್ನು ರಸ್ತೆಯ ಮಧ್ಯದಲ್ಲಿ ಕಟ್ಟಿದಾಗ ಅವರಿಗೂ ಇದೇ ಸಮಸ್ಯೆ ಎದುರಾಯಿತು. ಅವರು ಬಸ್ಸಿನ ಬಾಗಿಲನ್ನು ಬದಲಿಸಲಿಲ್ಲ, ಮೀಸಲು ಪಥದೊಳಗೆ ಬಸ್ಸುಗಳನ್ನೇ ಎಡಬದಿಯಲ್ಲಿ, ಅಂದರೆ ಉಳಿದ ವಾಹನಗಳಿಗೆ ವಿರುದ್ಧ ದಿಕ್ಕಿನಲ್ಲಿ ಓಡಿಸಿದರು! ಅದು ಪಾದಚಾರಿಗಳು ಅಡ್ಡ ದಾಟದ ಹೆದ್ದಾರಿ, ನಮ್ಮ ಪಿ.ಬಿ. ರಸ್ತೆಯಲ್ಲಿ ಹಾಗೆ ಮಾಡಿದರೆ ಅನಾಹುತವಾದೀತು. ಎರಡೂ ಕಡೆ ಬಾಗಿಲಿರುವ ಬಸ್ಸುಗಳೂ ಜಗತ್ತಿನಲ್ಲಿವೆ. ಯಾವುದು ಸರಿ ಎಂದು ತೀರ್ಪು ಕೊಡಲು ನಾವು ಎಂಜಿನಿಯರರಲ್ಲ. ಆದರೆ ಬಾಗಿಲಿನ ಪ್ರಶ್ನೆಗೆ ಒಂದಕ್ಕಿಂತ ಹೆಚ್ಚು ಉತ್ತರಗಳಿದ್ದವು, ಅದನ್ನು ಕೇಳಬೇಕಾದ ಕಾಲದಲ್ಲಿ ನಾವು ಕೇಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಇನ್ನು ಗೆರೆ ಮತ್ತು ಜಾಲದ ಮಾತು. ಹಳೇ ಹುಬ್ಬಳ್ಳಿ, ಮಂಟೂರು ರಸ್ತೆ, ಗಣೇಶಪೇಟೆ - ನಮ್ಮ ಕುಟುಂಬಗಳು ದಟ್ಟವಾಗಿ ವಾಸಿಸುವ ಈ ಮೊಹಲ್ಲಾಗಳಲ್ಲಿ ಎಷ್ಟು ಚಿಗರಿಯ ಹಾದಿಯಲ್ಲಿವೆ? ಮಾರ್ಗ ಊರಿನ ಬೆನ್ನೆಲುಬಿನಂತೆ ನೇರವಾಗಿ ಧಾರವಾಡದ ಕಡೆಗೆ ಹೋಗುತ್ತದೆ. ಜಿಲ್ಲೆಯ ದೊಡ್ಡ ಸರಕಾರಿ ಆಸ್ಪತ್ರೆಯಾದ ಕಿಮ್ಸ್ ಆ ಮಾರ್ಗದಲ್ಲಿದೆ, ಅದು ಒಳ್ಳೆಯದು. ಆದರೆ ಮಂಟೂರು ರಸ್ತೆಯ ಮುದುಕಿಯೊಬ್ಬಳು ಆ ಮಾರ್ಗವನ್ನು ತಲುಪಬೇಕಾದರೆ ಮೊದಲು ಆಟೋ ಹಿಡಿಯಬೇಕು. ಅದರ ಬಾಡಿಗೆ ಎಷ್ಟೋ ಸಲ ಚಿಗರಿಯ ಟಿಕೆಟನ್ನು ಮೀರುತ್ತದೆ. ಆಟೋ ಹತ್ತಿಯಾದ ಮೇಲೆ ಮಧ್ಯದಲ್ಲೇಕೆ ಇಳಿಯುವುದು, ಆಸ್ಪತ್ರೆಯವರೆಗೆ ಅದರಲ್ಲೇ ಹೋದರಾಯಿತು ಎಂದು ಅವಳಿಗೆ ಅನ್ನಿಸುವುದು ಸಹಜ. ಕುರಿಟಿಬಾದವರು ಬೆನ್ನೆಲುಬಿನ ಜೊತೆಗೆ ಪಕ್ಕೆಲುಬುಗಳನ್ನೂ ಕಟ್ಟಿದರು. ಒಳಬಡಾವಣೆಯಿಂದ ಬರುವ ಸಣ್ಣ ಬಸ್ಸು, ಅದೇ ಟಿಕೆಟಿನಲ್ಲಿ ದೊಡ್ಡ ಬಸ್ಸು. ಜೊತೆಗೆ ಆ ಮಾರ್ಗದ ಇಕ್ಕೆಲಗಳಲ್ಲೇ ಎತ್ತರದ ವಸತಿ ಕಟ್ಟಡಗಳಿಗೆ ಅನುಮತಿ ಕೊಟ್ಟು ಬಸ್ಸಿನ ಬಳಿಗೆ ಜನರನ್ನೂ ತಂದರು. ನಮ್ಮಲ್ಲಿ ಎರಡು ಊರುಗಳ ನಡುವೆ ವಿರಳ ವಸತಿಯ ದೀರ್ಘ ದಾರಿಯಿದೆ. ಬಸ್ಸು ಎರಡು ತುದಿಗಳಲ್ಲಿ ತುಂಬುತ್ತದೆ, ಮಧ್ಯದಲ್ಲಿ ಓಡುತ್ತದೆ ಅಷ್ಟೆ.

ಜಮೀನಿನ ವಿಷಯ ಮಾತಾಡದೆ ಈ ಭಾಷಣ ಮುಗಿಯದು. ಅದು ನೋವಿನ ವಿಷಯ, ಆದರೂ ಶಾಂತವಾಗಿ ಕೇಳಬೇಕಾಗಿ ವಿನಂತಿ.

ನಿಲ್ದಾಣದ ಬಳಿ ರಸ್ತೆ ಏಕೆ ಅಷ್ಟು ಅಗಲವಾಗಬೇಕು? ನಮ್ಮ ಮಾರ್ಗದಲ್ಲಿ ಎಲ್ಲ ಕಡೆ ನಿಲ್ಲುವ ಬಸ್ಸೂ ಇದೆ, ಕೆಲವೇ ಕಡೆ ನಿಲ್ಲುವ ವೇಗದ ಬಸ್ಸೂ ಇದೆ. ನಿಂತ ಬಸ್ಸನ್ನು ಹಿಂದಿಕ್ಕಿ ಹೋಗಲು ನಿಲ್ದಾಣದಲ್ಲಿ ಒಂದೊಂದು ಕಡೆಗೂ ಎರಡು ಪಥ ಬೇಕು. ಒಂದು ಪಥಕ್ಕೆ ಮೂರೂವರೆ ಮೀಟರ್ ಹಿಡಿದರೂ ನಾಲ್ಕು ಪಥಕ್ಕೆ 14 ಮೀಟರ್. ನಿಲ್ದಾಣದ ಕಟ್ಟೆಗೆ ಮತ್ತೆ ಮೂರು ನಾಲ್ಕು ಮೀಟರ್. ಕಾರು, ಬೈಕು, ಪಾದಚಾರಿಗಳ ಲೆಕ್ಕ ಇನ್ನೂ ಆರಂಭವಾಗಿಲ್ಲ, ಆಗಲೇ 18 ಮೀಟರ್ ಮುಗಿಯಿತು! ಆದುದರಿಂದ ನಿಲ್ದಾಣವನ್ನು ನೂರು ಮೀಟರ್ ಆಚೆಗೋ ಈಚೆಗೋ ಸರಿಸುವ ತೀರ್ಮಾನವೆಂದರೆ ಯಾರ ಗೋಡೆ ಉಳಿಯಬೇಕು, ಯಾರ ಗೋಡೆ ಬೀಳಬೇಕು ಎಂಬ ತೀರ್ಮಾನ. ಅದು ನಕಾಶೆಯ ಹಂತದಲ್ಲಿ ಪೆನ್ಸಿಲಿನ ಕೆಲಸ. ಹತ್ತು ವರ್ಷಗಳ ಬಳಿಕ ಅದು ಜೆಸಿಬಿಯ ಕೆಲಸ.

ಬೈರಿದೇವರಕೊಪ್ಪದ ಹಝ್ರತ್ ಸಯ್ಯದ್ ಮಹಮೂದ್ ಶಾ ಖಾದ್ರಿ ದರ್ಗಾವನ್ನು ರಸ್ತೆ ಅಗಲೀಕರಣಕ್ಕಾಗಿ ತೆರವುಗೊಳಿಸಿದ್ದು 2022ರ ಡಿಸೆಂಬರ್‌ನಲ್ಲಿ, ಬಿಗಿ ಪೊಲೀಸ್ ಬಂದೋಬಸ್ತಿನಲ್ಲಿ. ಬಸ್ಸು ಓಡಲಾರಂಭಿಸಿ ಆಗ ನಾಲ್ಕು ವರ್ಷ, ಕಂಪೆನಿ ರಚನೆಯಾಗಿ ಹತ್ತು ವರ್ಷ ಕಳೆದಿತ್ತು. ವಿಷಯ ಹೈಕೋರ್ಟಿಗೆ ಹೋದರೂ ತೆರವು ತಪ್ಪಲಿಲ್ಲ. ಅಂದು ಅಲ್ಲಿ ನೆರೆದ ನಮ್ಮ ಯುವಕರ ಕಣ್ಣೀರನ್ನು ನಾವು ಲಘುವಾಗಿ ಕಾಣುವುದಿಲ್ಲ. ಅದೇ ಯೋಜನೆಗಾಗಿ ಗುಡಿಗಳನ್ನೂ ತೆರವುಗೊಳಿಸಲಾಗಿದೆ ಎಂದು ಸರಕಾರ ಆಗ ಹೇಳಿತ್ತು. ಅದನ್ನು ನಾವು ಮರೆಯಬಾರದು, ಇತರರ ನೋವನ್ನು ನಮ್ಮ ನೋವಿನಷ್ಟೇ ಗೌರವದಿಂದ ಕಾಣಬೇಕು. ಆದರೆ ಒಂದು ಆತ್ಮಾವಲೋಕನ ಅಗತ್ಯವಿದೆ. ಆ ಗೆರೆ 2022ರಲ್ಲಿ ಹುಟ್ಟಿದ್ದಲ್ಲ. ಯೋಜನೆ ರೂಪುಗೊಳ್ಳುತ್ತಿದ್ದ ವರ್ಷಗಳಲ್ಲಿ ನಮ್ಮ ಜಮಾಅತ್‌ಗಳು, ವಕ್ಫ್ ಸಂಸ್ಥೆಗಳು, ವ್ಯಾಪಾರಿಗಳು, ನಮ್ಮ ವಕೀಲರು ಒಟ್ಟಿಗೆ ಕುಳಿತು ನಕಾಶೆ ಹರಡಿಕೊಂಡು ಚರ್ಚಿಸಿದ್ದೆವೇ? ಪಕ್ಕದ ಗುಡಿಯ ಕಮಿಟಿಯವರನ್ನು ಕರೆದು, ಬನ್ನಿ, ನಿಮ್ಮದೂ ಹೋಗುತ್ತದೆ, ನಮ್ಮದೂ ಹೋಗುತ್ತದೆ, ನಿಲ್ದಾಣ ಸರಿಸಲು ಸಾಧ್ಯವೇ ಎಂದು ಕೂಡಿ ಕೇಳೋಣ ಎಂದಿದ್ದೆವೇ? ಹಾಗೆ ಕೇಳಿದ್ದರೆ ಉಳಿಯುತ್ತಿತ್ತೆಂದು ನಾವು ವಾದಿಸುವುದಿಲ್ಲ. ಸರಕಾರವೂ ತಾನಾಗಿ ಮನೆಬಾಗಿಲಿಗೆ ನಕಾಶೆ ತರಬೇಕಿತ್ತು, ಆ ಹೊಣೆಗಾರಿಕೆಯಿಂದ ಅದು ನುಣುಚಿಕೊಳ್ಳಲಾಗದು. ಆದರೆ ಕೇಳದವನಿಗೆ ಉತ್ತರ ಕೊಡುವ ಸರಕಾರವನ್ನು ನಾವು ಇದುವರೆಗೆ ಕಂಡಿಲ್ಲ.

ಕಾನೂನು ಏನನ್ನುತ್ತದೆ? ಭೂಸ್ವಾಧೀನದ 1894ರ ಹಳೆಯ ಕಾಯಿದೆ ಹೋಗಿ 2013ರ ಹೊಸ ಕಾಯಿದೆ 2014ರ ಜನವರಿ 1ರಿಂದ ಜಾರಿಗೆ ಬಂದಿದೆ. ಪ್ರಾಥಮಿಕ ಅಧಿಸೂಚನೆ ಹೊರಟ 60 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಜಮೀನಿನ ಮಾಲೀಕ ಮಾತ್ರವಲ್ಲ, ಸ್ವಾಧೀನಕ್ಕೆ ಮೊದಲು ಮೂರು ವರ್ಷ ಅಲ್ಲೇ ದುಡಿದು ಬದುಕಿದವನ ಕುಟುಂಬವೂ ಬಾಧಿತ ಕುಟುಂಬವೆಂದು ಆ ಕಾಯಿದೆ ಒಪ್ಪುತ್ತದೆ. ನಮ್ಮಲ್ಲಿ ಹೆಚ್ಚಿನವರು ಮಾಲೀಕರಲ್ಲ, ಬಾಡಿಗೆದಾರರು. ಪಂಕ್ಚರ್ ಅಂಗಡಿ, ವೆಲ್ಡಿಂಗ್ ಅಂಗಡಿ, ಹಣ್ಣಿನ ಅಂಗಡಿ. ಪರಿಹಾರದ ಚೆಕ್ಕು ಮಾಲೀಕನಿಗೆ ಹೋಗುತ್ತದೆ, ಮೂವತ್ತು ವರ್ಷ ಅಲ್ಲಿ ದುಡಿದವನು ಷಟರ್ ಎಳೆದು ಮನೆಗೆ ಹೋಗುತ್ತಾನೆ, ತನಗೂ ಕೇಳುವ ಹಕ್ಕಿತ್ತೆಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಬಾಡಿಗೆ ಕರಾರು, ಟ್ರೇಡ್ ಲೈಸೆನ್ಸು, ಕರೆಂಟ್ ಬಿಲ್ಲು - ಇವನ್ನು ಜೋಪಾನವಾಗಿಡಿ. ಅಲ್ಲಿ ಮೂರು ವರ್ಷ ದುಡಿದಿದ್ದೀರೆಂದು ತೋರಿಸುವ ಕಾಗದಗಳು ಇವೇ. ಕೆಲವು ಬಗೆಯ ಯೋಜನೆಗಳಿಗೆ ವಿನಾಯಿತಿ ನೀಡಿ ಕರ್ನಾಟಕ ಈ ಕಾಯಿದೆಗೆ ತಿದ್ದುಪಡಿ ತಂದಿದೆ, ಆದುದರಿಂದ ಒಂದೊಂದು ಯೋಜನೆಯಲ್ಲೂ ಯಾವ ನಿಯಮ ಅನ್ವಯಿಸುತ್ತದೆಂದು ವಕೀಲರಲ್ಲಿ ವಿಚಾರಿಸಲೇಬೇಕು.

ತಳ್ಳುಗಾಡಿಯವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಿದೆ. ಅದರಂತೆ ನಗರದಲ್ಲಿ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು, ಪ್ರಮಾಣಪತ್ರ ಕೊಡಬೇಕು, ಸ್ಥಳಾಂತರಿಸುವುದಾದರೆ 30 ದಿನಗಳ ನೋಟಿಸು ನೀಡಬೇಕು. ಸಮೀಕ್ಷೆಯ ದಿನ ಗಾಡಿ ಹಾಕದೆ ಮದುವೆಗೆ ಹೋದವನ ಹೆಸರು ಪಟ್ಟಿಯಲ್ಲಿರುವುದಿಲ್ಲ. ಇಂಥ ಸಣ್ಣ ವಿಷಯಗಳನ್ನು ಮೊಹಲ್ಲಾಗಳಲ್ಲಿ ತಿಳಿಸುವವರು ಬೇಕು. ಇಫ್ತಾರ್ ಕೂಟಗಳಿಗೆ ಭಿತ್ತಿಪತ್ರ ಅಚ್ಚು ಹಾಕಿಸುವ ನಮ್ಮ ಯುವಕ ಸಂಘಗಳಿಗೆ ಇದು ಕಷ್ಟದ ಕೆಲಸವೇನಲ್ಲ.

ಇದೆಲ್ಲ ಆಗಿಹೋದ ಕಥೆ, ಈಗೇಕೆ ಎಂದು ಕೇಳುವವರಿರಬಹುದು. ಕಥೆ ಮುಗಿದಿಲ್ಲ. ಇದೇ ಮಾರ್ಗದಲ್ಲಿ ವಿದ್ಯುತ್ ಚಾಲಿತ ಉದ್ದನೆಯ ಬಸ್ಸೋ ಟ್ರಾಮೋ ತರುವ ಮಾತು ಇತ್ತೀಚಿನ ವರ್ಷಗಳಲ್ಲಿ ಸರಕಾರದ ಮಟ್ಟದಲ್ಲೇ ಕೇಳಿಬಂದಿದೆ. ಮೀಸಲು ಪಥವನ್ನೇ ತೆಗೆದು ಎಲ್ಲ ವಾಹನಗಳಿಗೆ ಬಿಟ್ಟುಕೊಡಿ ಎನ್ನುವ ಬೇಡಿಕೆಯೂ ಇದೆ. ಎರಡನೆಯದರ ಬಗ್ಗೆ ನಮ್ಮ ನಿಲುವು ಸ್ಪಷ್ಟ. ಪಥ ತೆಗೆದರೆ ಲಾಭ ಕಾರಿಗೆ, ನಷ್ಟ ಬಸ್ಸಿಗೆ. ಅಷ್ಟು ಜನರ ಮನೆ, ಅಂಗಡಿ, ಗುಡಿ, ದರ್ಗಾಗಳನ್ನು ತೆಗೆದುಕೊಂಡ ಜಾಗವನ್ನು ಈಗ ಕಾರಿಗೆ ಒಪ್ಪಿಸುವುದೆಂದರೆ ಕಳೆದುಕೊಂಡವರಿಗೆ ಎರಡನೆಯ ಬಾರಿ ಅನ್ಯಾಯ ಮಾಡಿದಂತೆ. ಮೊದಲನೆಯದರ ಬಗ್ಗೆ ನಮಗೆ ಪ್ರಶ್ನೆಗಳಿವೆ. ಹೊಸ ವಾಹನದ ಬಾಗಿಲು ಯಾವ ಕಡೆಗೆ? ಶಕ್ತಿ ಯೋಜನೆಯ ಮಹಿಳೆಯರು ಅದರಲ್ಲಿ ಹೋಗಬಹುದೇ? ಹಳೇ ಹುಬ್ಬಳ್ಳಿಯಿಂದ, ಮಂಟೂರು ರಸ್ತೆಯಿಂದ ಸಣ್ಣ ಬಸ್ಸು ಬರುವುದೇ, ಅದೇ ಟಿಕೆಟಿನಲ್ಲಿ? ರಸ್ತೆಯ ಮಧ್ಯದ ನಿಲ್ದಾಣಕ್ಕೆ ದಾಟುವ ಮುದುಕರಿಗೆ ಸಿಗ್ನಲಿನಲ್ಲಿ ಎಷ್ಟು ಸೆಕೆಂಡು? ಮತ್ತೆ ಜಮೀನು ಬೇಕೇ, ಬೇಕಾದರೆ ಎಲ್ಲಿ, ಎಷ್ಟು ಮೀಟರ್?

ಈ ಪ್ರಶ್ನೆಗಳನ್ನು ವೇದಿಕೆಯಿಂದ ಕೇಳಿದರೆ ಚಪ್ಪಾಳೆ ಸಿಗುತ್ತದೆ, ಉತ್ತರ ಸಿಗುವುದಿಲ್ಲ. ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಿದರೆ 30 ದಿನಗಳೊಳಗೆ ಉತ್ತರ ಕೊಡಬೇಕಾಗುತ್ತದೆ. ಅರ್ಜಿಯ ನಮೂನೆಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇಟ್ಟಿದ್ದೇವೆ. ಸಹೋದರಿಯರ ಕಡೆಯೂ ಒಂದು ಕಟ್ಟು ಕಳುಹಿಸಲಾಗಿದೆ. ಬಸ್ಸಿನ ಬಗ್ಗೆ ಅವರು ಬರೆಯುವ ಪ್ರಶ್ನೆಗಳೇ ಹೆಚ್ಚು ಬೆಲೆಯುಳ್ಳವು, ಏಕೆಂದರೆ ಇಲ್ಲಿರುವ ಗಂಡಸರಲ್ಲಿ ಬಹುತೇಕರು ಬೈಕಿನಲ್ಲಿ ಬಂದಿದ್ದೀರಿ. ಮಗ್ರಿಬ್‌ಗೆ ಇನ್ನೂ ಅರ್ಧ ಗಂಟೆಯಿದೆ. ಬರೆಯಲು ಸಹಾಯ ಬೇಕಾದವರು ನಮ್ಮ ವಕೀಲ ಮಿತ್ರರ ಬಳಿ ಕುಳಿತುಕೊಳ್ಳಬಹುದು.